ಜಿನ್ನಿನ ಮಹಡಿಯ ಮೇಲೆ ಒಂದು ಬೇಸಿಗೆ

ಕೆಲವರ ಬೆನ್ನಿಗೆ ಬೀದಿನಾಯಿ ಬೀಳುತ್ತವೆ, ಕೆಲವರ ಬೆನ್ನಿಗೆ ವಿಮೆಯ ಏಜೆಂಟರು ಬೀಳುತ್ತಾರೆ. ನನ್ನ ಬೆನ್ನಿಗೆ ಬೀಳುವುದು ನಗಬೇಕೋ ಹೆದರಬೇಕೋ ತಿಳಿಯದಂಥ ಪ್ರಸಂಗಗಳು. ಮಿಕ್ಕ ವರ್ಷಗಳಲ್ಲಿ ಒಂದೋ ಎರಡೋ ಬರುತ್ತಿದ್ದವು. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ, ಬ್ಯಾಲೆ ಕಲಿಯಲು ಹೋದ ಆ ಒಂದು ತಿಂಗಳಲ್ಲಿ, ಸಾಲುಗಟ್ಟಿ ಬಂದವು. ಇವನ್ನು ಹೇಳುವಾಗ ಕೇಳುವವರೂ ನಗುತ್ತಾರೆ, ನಾನೂ ನಗುತ್ತೇನೆ. ಹೇಳಿ ಮುಗಿಸಿ ಒಬ್ಬಳೇ ಕೂತಾಗ ಮಾತ್ರ ಮೈ ಸಣ್ಣಗೆ ಜುಮ್ಮೆನ್ನುತ್ತದೆ.

ಮೊದಲು ನಮ್ಮ ಅಕ್ಕೋರ ಬಗ್ಗೆ ಹೇಳಿಬಿಡುತ್ತೇನೆ. ಅವರು ಮಸೂತಿ ಎಂಬ ಊರಿನವರು. ಪುಣೆಯಲ್ಲಿ ಇಪ್ಪತ್ತು ವರ್ಷ ಬ್ಯಾಲೆ ಕಲಿಸಿ, ಇನ್ನು ನಮ್ಮ ಕಡೆಯ ಹುಡುಗಿಯರೂ ಕಲಿಯಲಿ ಎಂದು ತಿರುಗಿ ಬಂದವರು. ಬ್ಯಾಲೆ ಎಂದರೆ ಬೆನ್ನು ನೆಟ್ಟಗಿಟ್ಟು, ಪಾದ ಹೊರಕ್ಕೆ ತಿರುಗಿಸಿ, ಕೊನೆಗೆ ಕಾಲ್ಬೆರಳ ತುದಿಯ ಮೇಲೆ ನಿಂತು ಮಾಡುವ ಕುಣಿತ. ಶುಕ್ರವಾರ ಮುದ್ದೇಬಿಹಾಳ, ಶನಿವಾರ ಬಾಗೇವಾಡಿ, ರವಿವಾರ ಬೆಳಿಗ್ಗೆ ಇಂಡಿ, ಸಂಜೆ ಸಿಂದಗಿ. ಹೀಗೆ ಬಸ್ಸಿನಲ್ಲಿ ತಿರುಗಿ ಕ್ಲಾಸು ಮಾಡುತ್ತಿದ್ದರು. ಹುಡುಗಿಯರ ಹೆಸರು ನೆನಪಿಡುವ ಗೊಡವೆಗೆ ಹೋಗದೆ ಎಲ್ಲರನ್ನೂ ಊರಿನಿಂದಲೇ ಕರೆಯುತ್ತಿದ್ದರು. ಮೂರು ವರ್ಷದಿಂದ ನನ್ನ ಹೆಸರು ಇಂಡಿ.

ದಾದಿಯ ಅನುಮಾನ

ಆ ಬೇಸಿಗೆ ಅಕ್ಕೋರು ನಾಲ್ಕೂ ತಾಲೂಕಿನಿಂದ ಐದು ಹುಡುಗಿಯರನ್ನು ಆರಿಸಿ, ಒಂದು ತಿಂಗಳು ಒಂದೇ ಕಡೆ ಇಟ್ಟುಕೊಂಡು ದಿನವಿಡೀ ಕಲಿಸುತ್ತೇನೆ ಎಂದರು. ಸಿಮೆಂಟಿನ ನೆಲದ ಮೇಲೆ ಜಿಗಿದರೆ ಮೊಣಕಾಲು ಹೋಗುತ್ತವೆ, ಹಲಗೆಯ ನೆಲ ಬೇಕು. ನಾಲ್ಕು ತಾಲೂಕು ಹುಡುಕಿದ ಮೇಲೆ ಅವರಿಗೆ ಅದು ಸಿಕ್ಕಿದ್ದು ಸಿಂದಗಿಯಿಂದ ಕನ್ನೊಳ್ಳಿಗೆ ಹೋಗುವ ರಸ್ತೆಯ ಒಂದು ಮುಚ್ಚಿದ ಜಿನ್ನಿನಲ್ಲಿ. ಹತ್ತಿಯ ಬೀಜ ಬಿಡಿಸಿ ಅರಳೆ ಮಾಡುವ ಕಾರ್ಖಾನೆಗೆ ನಮ್ಮಲ್ಲಿ ಜಿನ್ ಅನ್ನುವುದು. ಅದರ ಮಹಡಿಯ ಮೇಲೆ ಉದ್ದಕ್ಕೂ ಸಾಗವಾನಿ ಹಲಗೆ ಹಾಸಿದ್ದರು. ಅಂಗಳದ ಆಚೆ ಹಳೆಯ ಮ್ಯಾನೇಜರರ ಬಂಗಲೆ, ನಾವು ಉಳಿಯುವುದಕ್ಕೆ.

ನಮ್ಮದು ಇಂಡಿಯಲ್ಲಿ ತಲೆಮಾರುಗಳಿಂದ ಇರುವ ಮುಸ್ಲಿಂ ಮನೆತನ. ಅಪ್ಪ ನಿಂಬೆಹಣ್ಣಿನ ವ್ಯಾಪಾರಿ. ಊಟಕ್ಕೆ ಕೂತಾಗ ಅಪ್ಪ ತನ್ನ ತಾಯಿಗೆ, ಎಂದರೆ ನನ್ನ ದಾದಿಗೆ, ಈ ಸುದ್ದಿ ಹೇಳಿದ. ಮೊಮ್ಮಗಳು ಒಂದು ತಿಂಗಳು ಜಿನ್ನಿನ್ಯಾಗ ಇರ್ತಾಳ ಅಂದ.

ದಾದಿಯ ಕೈಯಲ್ಲಿನ ತುತ್ತು ಕೈಯಲ್ಲೇ ನಿಂತಿತು. ಆಕೆಗೆ ಗೊತ್ತಿದ್ದದ್ದು ಒಂದೇ ಜಿನ್. ಬೆಂಕಿಯಿಂದ ಹುಟ್ಟಿದ್ದು, ಕಣ್ಣಿಗೆ ಕಾಣದ್ದು, ನಾನು ಚಿಕ್ಕವಳಿದ್ದಾಗ ಊಟ ಮಾಡಿಸಲು ಆಕೆ ದಿನಾ ಕರೆಯುತ್ತಿದ್ದದ್ದು.

"ಜಿನ್ನಿನೊಳಗ ಈಕಿ ಇರ್ತಾಳೋ, ಈಕಿ ಒಳಗ ಜಿನ್ ಇರ್ತೈತೋ, ಸರಿಯಾಗಿ ಹೇಳು" ಅಂದಳು.

ಅಪ್ಪ ನಗುತ್ತ ತಿಳಿಸಿ ಹೇಳಿದ. ಇದು ಹತ್ತಿಯ ಕಾರ್ಖಾನೆ, ಕಲ್ಲಿನ ಕಟ್ಟಡ, ದೊಡ್ಡ ದೊಡ್ಡ ಮಶೀನು ಇದ್ದ ಜಾಗ. ದಾದಿ ಎಲ್ಲ ಕೇಳಿಸಿಕೊಂಡಳು. ಈಗ ಅಲ್ಲಿ ಯಾರಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ ಅಂದ ಅಪ್ಪ. ಎಷ್ಟು ವರ್ಷದಿಂದ ಎಂದಳು. ಈಕೆ ಹುಟ್ಟುವ ಮೊದಲೇ ಬಾಗಿಲು ಹಾಕಿದ್ದು ಅಂದ.

ದಾದಿ ತುತ್ತು ಬಾಯಿಗಿಟ್ಟುಕೊಂಡು ನಿಧಾನ ಅಗಿದು ನುಂಗಿದಳು. "ಹಂಗಾದ್ರ ಅಲ್ಲಿರೂದು ನಾ ಅಂದಿದ್ದ ಜಿನ್ನ" ಅಂದಳು.

ರೊಟ್ಟಿಗೆ ಮೊದಲು ಕಾಲು

ನಮಗೆ ಅಡುಗೆ ಮಾಡಲು ಕನ್ನೊಳ್ಳಿಯಿಂದ ಒಬ್ಬ ಆಯಿ ಬರುತ್ತಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಬಂಗಲೆಯ ಹಿಂದಿನ ಒಲೆಯ ಮೇಲೆ ರೊಟ್ಟಿ ಬಡಿದಳೆಂದರೆ ಸಪ್ಪಳ ರಸ್ತೆಗೆ ಕೇಳುತ್ತಿತ್ತು. ಮೊದಲ ದಿನ ನಮ್ಮನ್ನು ಮಕ್ಕಳಂತೆ ಕೂರಿಸಿ ಉಣಿಸಿದಳು. ಎರಡನೆಯ ದಿನ ಮಟಮಟ ಮಧ್ಯಾಹ್ನ ಊಟಕ್ಕೆ ಕರೆಯಲು ಜಿನ್ನಿನ ಮೆಟ್ಟಿಲು ಹತ್ತಿದವಳು ಅರ್ಧಕ್ಕೇ ನಿಂತಳು.

ಮೇಲೆ ನಾವು ಐದು ಜನ ಬಿಳಿ ಫ್ರಾಕು ತೊಟ್ಟು ಗೋಡೆಯ ಕಂಬಿ ಹಿಡಿದು ನಿಂತಿದ್ದೆವು. ಬಾಯಿಂದ ಒಂದು ಮಾತಿಲ್ಲ. ಕಿಟಕಿಯ ಗಾಜಿನ ಮೇಲೆ ಎಷ್ಟೋ ವರ್ಷದ ಹತ್ತಿಯ ಧೂಳು ಕೂತು ಒಳಗಿನ ಬೆಳಕು ಹಾಲಿನ ಕೆನೆಯಂತಿತ್ತು. ಅಕ್ಕೋರು ಕೋಲು ಬಡಿಯುತ್ತ, ಪಾದ ಇನ್ನೂ ತಿರುಗಸ್ರಿ, ಇನ್ನೂ, ಹಿಮ್ಮಡಿ ಮುಂದ ಬರ್ಲಿ ಅನ್ನುತ್ತಿದ್ದರು.

ದೆವ್ವದ ಪಾದ ಹಿಂದುಮುಂದಾಗಿರುತ್ತವೆ ಎಂದು ನಮ್ಮ ಸೀಮೆಯಲ್ಲಿ ಕೂಸುಗಳಿಗೂ ಗೊತ್ತು. ಆಯಿ ಬಂದ ಸಪ್ಪಳವಿಲ್ಲದಂತೆ ಇಳಿದು ಹೋದಳು.

ಅಂದಿನಿಂದ ಹೊಸ ಪದ್ಧತಿ ಶುರುವಾಯಿತು. ಊಟದ ಸಾಲಿನಲ್ಲಿ ಪ್ರತಿಯೊಬ್ಬರೂ ಮೊದಲು ಆಯಿಗೆ ಪಾದ ತೋರಿಸಬೇಕು. ಆಕೆ ಬಗ್ಗಿ ನೋಡಿ, ಬೆರಳು ಮುಂದಿವೆ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ರೊಟ್ಟಿ. ಮುದ್ದೇಬಿಹಾಳದ ಹುಡುಗಿ, ಮುಂದೆ ಡಾಕ್ಟರಾಗುವ ಹಟದವಳು, ಇದು ಮೂಢನಂಬಿಕೆ ಎಂದು ಆಯಿಗೆ ಪಾಠ ಹೇಳಲು ಹೋಗಿ ಒಂದು ಹೊತ್ತು ಉಪವಾಸ ಬಿದ್ದಳು. ಮರುದಿನದಿಂದ ಎಲ್ಲರಿಗಿಂತ ಮೊದಲು ಪಾದ ಮುಂದಿಡುವವಳು ಅವಳೇ.

ಎರಡನೆಯ ವಾರದ ಕೊನೆಗೆ ನನ್ನ ಸರದಿ ಬಂದಾಗ ಆಯಿ ಬಹಳ ಹೊತ್ತು ನೋಡಿದಳು. ಮುಖ ಸಪ್ಪಗಾಯಿತು. ರೊಟ್ಟಿಯ ಬುಟ್ಟಿಯನ್ನು ತನ್ನ ಹಿಂದಕ್ಕೆ ಎಳೆದುಕೊಂಡು ಅಕ್ಕೋರನ್ನು ಕರೆದಳು.

"ಈ ಇಂಡಿಯಾಕಿ ಪಾದ ಪೂರಾ ತಿರಗ್ಯಾವ್ರೀ ಅಕ್ಕೋರ."

ಅಕ್ಕೋರು ಓಡಿ ಬಂದು ನೋಡಿ ನನ್ನ ಬೆನ್ನು ತಟ್ಟಿದರು. ಮೂರು ವರ್ಷ ಅವರ ಕೈಯಲ್ಲಿ ಸಿಗದ ಸರ್ಟಿಫಿಕೇಟು ಆಯಿಯ ಕೈಯಲ್ಲಿ ಸಿಕ್ಕಿತು. ರೊಟ್ಟಿ ಮಾತ್ರ ಸಿಗಲಿಲ್ಲ.

ಮೆಟ್ಟಿಲಿಗೊಂದು

ಮೇ ತಿಂಗಳ ಬಿಸಿಲಿಗೆ ಶರಬತ್ತು ಮಾಡಿಕೊಳ್ಳಲಿ ಎಂದು ಅಪ್ಪ ಇಂಡಿಯಿಂದ ಬಸ್ಸಿನಲ್ಲಿ ಒಂದು ಚೀಲ ನಿಂಬೆಹಣ್ಣು ಕಳಿಸಿದ. ಅಕ್ಕೋರು ಅದನ್ನು ಜಿನ್ನಿನ ಮೆಟ್ಟಿಲ ತುದಿಯಲ್ಲಿ, ಬಾಗಿಲ ನೆರಳಿಗೆ ಇಡಿಸಿದರು. ಊಟ ಮುಗಿಸಿ ನಾವೆಲ್ಲ ಬಂಗಲೆಯಲ್ಲಿ ಅಡ್ಡಾದೆವು. ಆಯಿ ಪಾತ್ರೆ ತೊಳೆದು ಊರಿಗೆ ಹೋದಳು. ಹೊರಗೆ ಬಿಸಿಲು ಎಷ್ಟಿತ್ತೆಂದರೆ ಒಂದು ಕಾಗೆಯ ದನಿ ಕೂಡ ಇರಲಿಲ್ಲ.

ಮೂರು ಗಂಟೆಗೆ ಎದ್ದು ಕ್ಲಾಸಿಗೆ ಹೊರಟೆವು. ಬಾಗೇವಾಡಿಯ ಅಕ್ಕತಂಗಿಯರು ಮುಂದಿದ್ದರು. ಮೆಟ್ಟಿಲ ಬುಡದಲ್ಲಿ ಇಬ್ಬರೂ ಕೈ ಕೈ ಹಿಡಿದು ನಿಂತುಬಿಟ್ಟರು. ನಾನು ಅವರ ಹೆಗಲ ಮೇಲಿಂದ ನೋಡಿದೆ.

ಮೆಟ್ಟಿಲಿಗೊಂದು ನಿಂಬೆಹಣ್ಣು. ಕೆಳಗಿನಿಂದ ಮೇಲಿನವರೆಗೆ, ಒಂದು ಮೆಟ್ಟಿಲೂ ಬಿಟ್ಟಿರಲಿಲ್ಲ. ಎಲ್ಲವೂ ಮೆಟ್ಟಿಲ ನಟ್ಟನಡುವೆ, ನೂಲು ಹಿಡಿದು ಇಟ್ಟಂತೆ.

ಆ ಅಕ್ಕತಂಗಿಯರು ಮನೆಗೆ ಫೋನು ಮಾಡಿದರು. ಸಂಜೆಯೊಳಗೆ ಅವರ ಮಾಮಾ ಗಾಡಿ ತಂದು ಇಬ್ಬರನ್ನೂ ಕರೆದೊಯ್ದ. ಹೋಗುವಾಗ ದೊಡ್ಡವಳು ನನ್ನ ಕಡೆ ತಿರುಗಿ ನೋಡಲೇ ಇಲ್ಲ. ಸುದ್ದಿ ಕನ್ನೊಳ್ಳಿಗೂ ಮುಟ್ಟಿ, ಯಾರೋ ಜಿನ್ನಿಗೆ ಮಾಟ ಮಾಡಿಸಿದ್ದಾರೆ ಎಂದು ಜನ ಗೇಟಿನ ಹೊರಗೆ ಕೂಡಿದರು. ಅಕ್ಕೋರು ಹಣ್ಣು ಆರಿಸಿ ತಂದು ಎಲ್ಲರೆದುರು ಶರಬತ್ತು ಮಾಡಿ ತಾವೊಬ್ಬರೇ ಕುಡಿದರು.

ಮರುದಿನ ಬೆಳಿಗ್ಗೆ ಸುದ್ದಿ ಕೇಳಿ ಅಪ್ಪ ಮೋಟರ್ ಸೈಕಲ್ಲಿನಲ್ಲಿ ಬಂದ. ಜನರ ಕಡೆ ಕೈ ಮಾಡಿ ನೇರ ಮೆಟ್ಟಿಲು ಹತ್ತಿದ. ನಾನು ಹಿಂದೆ ಹೋದೆ. ಚೀಲದ ಬಾಯಿ ಅಪ್ಪ ತನ್ನ ಕೈಯಾರೆ ಹೊಲಿದದ್ದು, ಹೊಲಿಗೆ ಹಾಗೇ ಇತ್ತು. ಅಪ್ಪ ಚೀಲ ಹೊರಳಿಸಿ ತಳ ನೋಡಿದ, ಬದಿ ನೋಡಿದ, ಬೆರಳು ಆಡಿಸಿ ನೋಡಿದ. ಎಲ್ಲಿಯೂ ತೂತಿರಲಿಲ್ಲ. ನನ್ನ ಮುಖ ನೋಡದೆ ಜೇಬಿನಿಂದ ಗಾಡಿಯ ಕೀಲಿ ತೆಗೆದು ಚೀಲದ ತಳ ಹರಿದ. ಎರಡು ಬೆರಳು ಹಾಕಿ ತೂತು ದೊಡ್ಡದು ಮಾಡಿದ. ಆಮೇಲೆ ಚೀಲ ಎತ್ತಿಕೊಂಡು ಕೆಳಗೆ ಹೋಗಿ, ನೋಡ್ರಿ, ಚೀಲ ಹರದು ಹಣ್ಣು ಉರುಳ್ಯಾವು, ಇಷ್ಟ ಆಗಿದ್ದು, ನಾ ಇಂಡಿ ನಿಂಬಿಕಾಯಿ ವ್ಯಾಪಾರಿ, ಇವು ನನ್ನವು ಎಂದು ಎಲ್ಲರಿಗೂ ತೋರಿಸಿದ.

ಅಪ್ಪ ನನ್ನನ್ನು ಬದಿಗೆ ಕರೆದು, ಮನಿಗಿ ಬರ್ತೀಯೇನು ಎಂದು ಕೇಳಿದ. ಬರುವುದಿಲ್ಲ ಅಂದೆ. ಹೆದರಿಕೆ ಇತ್ತು. ಆದರೆ ಬೆರಳ ತುದಿಯ ಮೇಲೆ ನಿಲ್ಲುವುದನ್ನು ಅಕ್ಕೋರು ಮುಂದಿನ ವಾರ ಕಲಿಸುವವರಿದ್ದರು, ಅದನ್ನು ಬಿಟ್ಟು ಹೋಗುವ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಕಾಲೇಜು ಶುರುವಾದ ಮೇಲೂ ಕ್ಲಾಸಿಗೆ ಬರಬಹುದೇ ಎಂದು ನಾನು ಕೇಳಿದೆ. ಅಪ್ಪ ಹೆಲ್ಮೆಟ್ ಹಾಕಿಕೊಂಡ.

ಗೇಟಿನ ಹತ್ತಿರ ಕನ್ನೊಳ್ಳಿಯ ಹಿರಿಯನೊಬ್ಬ ಅಪ್ಪನ ಗಾಡಿ ತಡೆದು ನಿಂತಿದ್ದ. ಆಚೀಚೆ ನೋಡಿ, ಅಪ್ಪನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ನಿಮ್ಮ ಕೈಗುಣ ಚಲೋ ಐತಿ ಅಂತ ಕಾಣಸ್ತದ್ರಿ. ನಮ್ಮ ಬಾಜೂ ಹೊಲದಾಂವಗೂ ಒಂದೀಟು ಉರುಳಿಸಿ ಕೊಡ್ತೀರೇನು?"

ತಡವಾಗಿ ಇಳಿದವರು

ಈಗ ನಾವು ಮೂವರು. ನಾನು, ಮುದ್ದೇಬಿಹಾಳ, ಸಿಂದಗಿ. ಆ ವಾರ ಜಿಗಿತದ ಪಾಠ. ನೆಟ್ಟಗೆ ಮೇಲಕ್ಕೆ ಜಿಗಿಯಬೇಕು, ಇಳಿಯುವಾಗ ಮೊದಲು ಬೆರಳು, ಆಮೇಲೆ ಹಿಮ್ಮಡಿ. ಎಲ್ಲರೂ ಒಂದೇ ಹೊತ್ತಿಗೆ ಇಳಿಯಬೇಕು. ಜಿಗಿತವನ್ನು ಕಣ್ಣಿನಿಂದ ನೋಡಬಾರದು, ಕಿವಿಯಿಂದ ಕೇಳಬೇಕು ಎಂದು ಅಕ್ಕೋರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ನಮಗೆ ಬೆನ್ನು ಮಾಡಿ ಕಣ್ಣು ಮುಚ್ಚಿ ಕೂರುತ್ತಿದ್ದರು.

ಜಿಗಿದೆವು. ಧಪ್ ಅಂದಿತು. ಅದರ ಬೆನ್ನಿಗೇ ಇನ್ನೊಂದು, ಸಣ್ಣದು, ಧಪ್.

ಯಾರೋ ಒಬ್ಬರು ತಡಾ ಇಳೀತೀರಿ ಅಂದರು ಅಕ್ಕೋರು. ಮತ್ತೆ ಜಿಗಿದೆವು. ಮತ್ತೆ ಅದೇ. ಸಿಂದಗಿ, ನೀನೇನು ಎಂದು ಕೇಳಿದರು. ಸಿಂದಗಿಯ ಹುಡುಗಿ ಅಲ್ಲ ಎಂದಳು. ಆಕೆಯನ್ನು ಬದಿಗೆ ನಿಲ್ಲಿಸಿ ನಾವಿಬ್ಬರು ಜಿಗಿದೆವು. ಎರಡು ಸಪ್ಪಳ. ಮುದ್ದೇಬಿಹಾಳದವಳನ್ನೂ ನಿಲ್ಲಿಸಿ ನನ್ನೊಬ್ಬಳನ್ನೇ ಜಿಗಿಸಿದರು. ನಾನು ಇಳಿದೆ, ನನ್ನ ಹಿಮ್ಮಡಿ ಹಲಗೆಗೆ ಹತ್ತಿತು, ನಾನು ಸುಮ್ಮನೆ ನಿಂತೆ. ನನ್ನ ಎಡಕ್ಕೆ ಒಂದು ಮಾರು ದೂರದಲ್ಲಿ ಏನೋ ಇಳಿಯಿತು. ಅಲ್ಲಿನ ಹಲಗೆ ಕಿರ್ ಅಂದು, ಸಂದಿಯಿಂದ ಸ್ವಲ್ಪ ಧೂಳು ಎದ್ದು, ಬೆಳಕಿನಲ್ಲಿ ನಿಧಾನಕ್ಕೆ ಕೂತಿತು.

ಮುದ್ದೇಬಿಹಾಳದವಳು, ಹಲಗೆ ಸಡಿಲಿರಬೇಕು, ಕೆಳಗೆ ನೋಡಿ ಬರುತ್ತೇನೆ ಎಂದು ಮೊಬೈಲಿನ ಬೆಳಕು ಹಾಕಿಕೊಂಡು ಹೋದಳು. ಕೆಳಗಿನದು ಮಶೀನು ಕಿತ್ತ ದೊಡ್ಡ ಖಾಲಿ ಕೋಣೆ. ಹತ್ತು ನಿಮಿಷ ಬಿಟ್ಟು ತಿರುಗಿ ಬಂದಳು. ಹಲಗೆಗಳು ಮೊಳೆ ಬಡಿದು ಗಟ್ಟಿ ಇವೆ, ಕೆಳಗೆ ನೆಲದ ಮೇಲೆ ಬೆರಳುದ್ದ ಧೂಳಿದೆ, ಆ ಧೂಳಿನಲ್ಲಿ ತನ್ನ ಹೆಜ್ಜೆ ಬಿಟ್ಟು ಬೇರೆ ಹೆಜ್ಜೆ ಇಲ್ಲ ಅಂದಳು. ಇಷ್ಟು ಹೇಳಿ ಬಂದು ನನ್ನ ಕೈ ಹಿಡಿದುಕೊಂಡಳು. ಸಿಂದಗಿಯ ಹುಡುಗಿ ಅಷ್ಟರೊಳಗೆ ತನ್ನ ಚಪ್ಪಲಿ ಹುಡುಕುತ್ತಿದ್ದಳು. ಆಕೆಯ ಮನೆ ಹತ್ತಿರವಿತ್ತು, ನಡೆದೇ ಹೋದಳು.

ಅಕ್ಕೋರು ಕುರ್ಚಿಯಿಂದ ಎದ್ದರು. ಕೋಲು ಹಿಡಿದು ಸಾವಕಾಶ ಆ ಖಾಲಿ ಜಾಗದ ಮುಂದೆ ಹೋಗಿ ನಿಂತರು.

"ನೀ ಯಾರರೆ ಇರು, ನನ್ನ ಕ್ಲಾಸಿಗೆ ಬಂದಿದ್ದರ ತಾಳಕ್ಕ ಸರಿಯಾಗಿ ಇಳೀಬೇಕು. ಮೊಣಕಾಲು ಮಡಚು, ಹೊಟ್ಟಿ ಒಳಗ ತಗೋ."

ಮತ್ತೆ ಕುರ್ಚಿಯಲ್ಲಿ ಕೂತು ಬೆನ್ನು ಮಾಡಿದರು. ಕೋಲು ಬಡಿದರು. ನಾವಿಬ್ಬರು ಕಣ್ಣು ಮುಚ್ಚಿ ಜಿಗಿದೆವು. ಧಪ್. ಒಂದೇ ಸಪ್ಪಳ. ಆದರೆ ಅದು ಇಬ್ಬರ ತೂಕದ ಸಪ್ಪಳವಲ್ಲ ಎಂದು ನಮಗೆ ಚೆನ್ನಾಗಿ ತಿಳಿಯಿತು.

ಅಕ್ಕೋರು ತಿರುಗಿ ನಮ್ಮನ್ನು ನೋಡಿದರು. "ಕಂಡ್ರೇನು? ಒಮ್ಮೆ ಹೇಳಿದ್ದಕ್ಕ ಕಲ್ತುಬಿಟ್ಟಿತು. ನಿಮಗ ಹೇಳಾಕತ್ತಿ ಮೂರು ವರ್ಷಾತು" ಅಂದರು.

ಅರಳೆ

ಬೆರಳ ತುದಿಯ ಮೇಲೆ ನಿಲ್ಲಲು ಬೇರೆಯೇ ಶೂ ಇರುತ್ತದೆ. ಅದರ ಮೂತಿ ಕಟ್ಟಿಗೆಯಂತೆ ಗಟ್ಟಿ. ಎರಡೇ ದಿನದಲ್ಲಿ ನನ್ನ ಬೆರಳುಗಳು ಬೊಕ್ಕೆ ಎದ್ದು ಒಡೆದು ಹೋದವು. ಶೂ ಕಳಚಿ ಮಹಡಿಯ ಕಿಟಕಿಯಲ್ಲಿ ಇಟ್ಟು ಅಳುತ್ತ ಬಂಗಲೆಗೆ ಹೋದೆ. ಬೆಳಿಗ್ಗೆ ಬಂದು ಹಾಕಿಕೊಂಡರೆ ಒಳಗೆ ಮೆತ್ತಗಿತ್ತು. ಎರಡೂ ಶೂಗಳ ಮೂತಿಯಲ್ಲಿ ಅರಳೆ ತುಂಬಿದ್ದರು. ಬೀಜವಿಲ್ಲ, ಧೂಳಿಲ್ಲ, ಇದೀಗ ಬಿಡಿಸಿದಂಥ ಬೆಳ್ಳನೆಯ ಅರಳೆ. ಮುಟ್ಟಿದರೆ ಸ್ವಲ್ಪ ಬೆಚ್ಚಗಿತ್ತು, ಮಶೀನಿನಿಂದ ಆಗತಾನೇ ಬಂದಂತೆ.

ಮುದ್ದೇಬಿಹಾಳದವಳು ಹಾಕಿರಬೇಕು ಎಂದುಕೊಂಡೆ. ಆಕೆಯ ಶೂನಲ್ಲೂ ಇತ್ತು, ಆಕೆ ನಾನು ಹಾಕಿದ್ದೆಂದು ತಿಳಿದಿದ್ದಳು. ಅಕ್ಕೋರನ್ನು ಕೇಳಿದರೆ, ನನಗ ನಿಮ್ಮ ಶೂ ಮುಟ್ಟೂದ ಕೆಲಸೇನು ಎಂದರು. ಆಯಿಯಂತೂ, ನಿಮ್ಮ ಕಾಲಿನ ಸುದ್ದಿಗೆ ನಾ ಬರೂದ ಇಲ್ಲ ಎಂದು ಕೈ ಮುಗಿದಳು.

ಮೂರು ದಿನ ಹೀಗೇ ಆಯಿತು. ನನಗೆ ಹೆದರಿಕೆಗಿಂತ ಹೆಚ್ಚಾಗಿ ಎದೆ ತುಂಬಿ ಬರುತ್ತಿತ್ತು. ನಾಲ್ಕನೆಯ ದಿನ ತಡೆಯಲಾಗದೆ ದಾದಿಗೆ ಫೋನು ಮಾಡಿ ಎಲ್ಲ ಹೇಳಿದೆ. ತಕ್ಷಣ ಮನೆಗೆ ಬಾ ಅನ್ನುತ್ತಾಳೆ ಎಂದುಕೊಂಡಿದ್ದೆ. ದಾದಿ ಹಾಗೆ ಅನ್ನಲಿಲ್ಲ. ಅರಳೆ ಚಲೋ ಜಾತಿದೇನು ಎಂದು ಕೇಳಿದಳು. ಭಾಳ ಚಲೋ ಐತಿ ಅಂದೆ.

"ಹಂಗಾದ್ರ ನಿನಗ ಮನಸ್ಸಿಲೆ ಕೊಡಾಕತ್ತಾರ, ಒಲ್ಲೆ ಅನಬ್ಯಾಡ. ನನ್ನ ತಲಿದಿಂಬು ಕಲ್ಲಾಗೇತಿ, ಅದಕ್ಕೂ ಒಂದೀಟು ಕೇಳಿ ನೋಡು" ಅಂದಳು.

ಬುಗುಡಿ

ತಿಂಗಳು ಮುಗಿಯಲು ಎರಡು ದಿನ ಇರುವಾಗ ಜಿನ್ನಿನ ಮಾಲೀಕರಿಂದ ಸುದ್ದಿ ಬಂತು. ಊರ ಜನ ತಕರಾರು ಮಾಡುತ್ತಿದ್ದಾರೆ, ಒಂದನೆಯ ತಾರೀಖಿಗೆ ಜಾಗ ಖಾಲಿ ಮಾಡಿ ಎಂದು. ಅಕ್ಕೋರು ಆ ದಿನ ಊಟ ಮಾಡಲಿಲ್ಲ. ನಾಲ್ಕು ತಾಲೂಕಿನಲ್ಲಿ ಅಂಥ ನೆಲ ಇನ್ನೊಂದಿರಲಿಲ್ಲ. ಆಮೇಲೆ ಏನೆನಿಸಿತೋ, ಕೊನೆಯ ದಿನ ಸಂಜೆ ನಾಲ್ಕಕ್ಕೆ ಒಂದು ಪ್ರದರ್ಶನ ಇಟ್ಟರು. ಏನು ಕಲಿಸುತ್ತಿದ್ದೇವೆಂದು ಜನ ಕಣ್ಣಾರೆ ನೋಡಿದರೆ ಹೆದರಿಕೆ ಹೋಗುತ್ತದೆ ಎಂಬುದು ಅವರ ಲೆಕ್ಕ. ಆಯಿಯ ಕೈಯಲ್ಲಿ ಕನ್ನೊಳ್ಳಿಗೆ ಹೇಳಿ ಕಳಿಸಿದರು, ಮಾಲೀಕರನ್ನು ಕರೆದರು, ನಮ್ಮಪ್ಪನನ್ನೂ ಕರೆದರು.

ಜನ ಬಂದರು. ಜಮಖಾನೆಯ ಮೇಲೆ ಒಬ್ಬರಿಗೊಬ್ಬರು ಒತ್ತಿ ಕೂತರು, ಯಾರೂ ಗೋಡೆಗೆ ಒರಗಲಿಲ್ಲ. ಮೊದಲ ಸಾಲಿನಲ್ಲಿ ಆಯಿ ಮತ್ತು ಆಕೆಯ ತಮ್ಮ, ಅವರ ಪಕ್ಕದಲ್ಲಿ ಊರಿನ ಇನ್ನೊಬ್ಬ ರೈತ, ಆಚೆ ಮಾಲೀಕರು, ಕೊನೆಗೆ ನಮ್ಮಪ್ಪ. ಅಕ್ಕೋರು ಟೇಪಿನ ಹತ್ತಿರ ಗೋಡೆಯ ಬದಿಗೆ ನಿಂತರು. ನಮಗೆ ಒಂದೇ ಮಾತು ಹೇಳಿದ್ದರು: ಹಾಡು ಮುಗಿಯೋ ತನಕ ಮ್ಯಾಲಿನ ಕಾಲು ಕೆಳಗ ಬರಬಾರದು, ಮಾಳಿಗಿ ಬಿದ್ದರೂ.

ಕುಣಿತದ ಕೊನೆಗೆ ಮುದ್ದೇಬಿಹಾಳದವಳು ನನ್ನ ಹಿಂದೆ ನೆಲದ ಮೇಲೆ ಬಾಗಿ ಕೂರಬೇಕು. ನಾನು ಬಲಗಾಲ ಬೆರಳ ತುದಿಯ ಮೇಲೆ ನಿಂತು, ಎಡಗಾಲನ್ನು ಹಿಂದಕ್ಕೆ ಎತ್ತಿ, ಬಲಗೈಯನ್ನು ಮುಂದಕ್ಕೆ ಚಾಚಬೇಕು. ಕ್ಲಾಸಿನಲ್ಲಿ ನಾನು ನಾಲ್ಕು ಎಣಿಸುವುದರೊಳಗೆ ಬೀಳುತ್ತಿದ್ದೆ. ಅಂದು ಕಾಲೆತ್ತಿದೆ, ಕೈ ಚಾಚಿದೆ, ಅಷ್ಟರಲ್ಲಿ ಕರೆಂಟು ಹೋಯಿತು.

ಟೇಪು ನಿಂತಿತು. ಹಾಡು ನಿಂತಿತ್ತು, ಮುಗಿದಿರಲಿಲ್ಲ. ಹಾಗಾಗಿ ನಾನು ಇಳಿಯಲಿಲ್ಲ.

ನಾಲ್ಕು ಎಣಿಕೆ ದಾಟಿತು. ಎಂಟು ದಾಟಿತು. ನನ್ನ ಕಾಲು ನಡುಗಲಿಲ್ಲ. ಎತ್ತಿದ ಕಾಲಿನ ಭಾರವೇ ಗೊತ್ತಾಗುತ್ತಿರಲಿಲ್ಲ, ಸೊಂಟದ ಎರಡೂ ಕಡೆ ಮಾತ್ರ ಒದ್ದೆ ಬಟ್ಟೆ ಸುತ್ತಿದಂತೆ ತಣ್ಣಗಿತ್ತು. ಕಿಟಕಿಯ ಬೆಳಕು ನನ್ನ ಬಿಳಿ ಫ್ರಾಕಿನ ಮೇಲೆ ಬಿದ್ದಿತ್ತು. ಹಿಂದಿನಿಂದ ಮುದ್ದೇಬಿಹಾಳದವಳು ಉಸಿರಲ್ಲೇ, "ಇಂಡಿ, ಹೆಂಗ ನಿಂತೀಯೇ" ಅಂದಳು. ನನಗೂ ಗೊತ್ತಿರಲಿಲ್ಲ.

ಆಗ ಆಯಿ ಎದ್ದು ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈ ಮುಗಿದಳು.

"ಇಂಡಿ ಕಡೆ ಪೀರಾನೋ, ನಮ್ಮೂರ ಅವ್ವನೋ, ಮೈಯಾಗ ಬಂದವರು ಯಾರಂತ ನನಗ ತಿಳೀವಲ್ದು. ಯಾರರೆ ಇರ್ರಿ. ನಮ್ಮವ್ವ ನನಗಂತ ಇಟ್ಟಿದ್ದ ಕಿವೀ ಬುಗುಡಿ ಹನ್ನೊಂದು ವರ್ಷಾತು ಸಿಕ್ಕಿಲ್ರಿ. ಯಾರ ಹಂತ್ಯಾಕ ಐತಿ, ತೋರಸ್ರಿ."

ನನ್ನ ಚಾಚಿದ ಕೈ ಮೊದಲೇ ಆಕೆಯ ತಮ್ಮನ ಎದೆಗೆ ನೇರ ಇತ್ತು. ಅದರಲ್ಲಿ ನನ್ನದೇನೂ ಇರಲಿಲ್ಲ, ಅಕ್ಕೋರು ಗುರುತು ಹಾಕಿದ ಜಾಗದಲ್ಲಿ ನಾನು ನಿಂತಿದ್ದೆ, ಆತ ಬಂದು ಅಲ್ಲಿ ಕೂತಿದ್ದ. ಆತ ಕೈ ನೋಡಿದ, ಹಿಂದೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದ. ಆಮೇಲೆ ತಲೆ ತಗ್ಗಿಸಿದ. ಬುಗುಡಿ ತನ್ನ ಮನೆಯ ಸಂದೂಕದಲ್ಲೇ ಇದೆ, ಸಾಯುವಾಗ ಅವ್ವ ಅಕ್ಕನಿಗೆ ಕೊಡು ಅಂದಿದ್ದಳು, ಹೆಂಡತಿ ಬಿಡಲಿಲ್ಲ, ನಾಳೆ ತಂದು ಕೊಡುತ್ತೇನೆ ಎಂದ. ಆಯಿ ಅಲ್ಲೇ ಕುಸಿದು ಕೂತು ಅತ್ತಳು.

ನನಗೆ ಅಳು ನೋಡಿ ಕೈ ಇಳಿಸಬೇಕೆನಿಸಿತು. ಕೈ ಇಳಿಯಲಿಲ್ಲ. ಬಲಕ್ಕೆ ಒಂದು ಗೇಣು ಸರಿಯಿತು. ನಾನು ಸರಿಸಲಿಲ್ಲ, ತಾನಾಗೇ ಸರಿಯಿತು. ಪಕ್ಕದ ರೈತನ ಮುಖದ ಮುಂದೆ ಹೋಗಿ ನಿಂತಿತು. ಆತನನ್ನು ಯಾರೂ ಏನೂ ಕೇಳಿರಲಿಲ್ಲ. ಆದರೂ ಆತ ಬೆವರು ಒರೆಸಿಕೊಳ್ಳುತ್ತ ಎದ್ದು, ಹೋದ ಮಳೆಗಾಲದಲ್ಲಿ ಬದುವಿನ ಕಲ್ಲು ಎರಡು ಮೊಳ ಆಚೆ ಸರಿಸಿದ್ದು ನಾನೇ, ಸೋಮವಾರದೊಳಗೆ ತಿರುಗಿ ಇಡುತ್ತೇನೆ ಎಂದು ಹಿಂದಿನ ಸಾಲಿನಲ್ಲಿದ್ದ, ಅಂದು ಅಪ್ಪನ ಗಾಡಿ ತಡೆದಿದ್ದ ಹಿರಿಯನ ಕಡೆ ನೋಡಿ ಕೈ ಮುಗಿದ.

ಕೈ ಮತ್ತೆ ಸರಿಯಿತು. ಈಗ ಮಾಲೀಕರು. ಅವರು ದೊಡ್ಡ ಮನುಷ್ಯರು, ಎದ್ದು ನಿಲ್ಲಲಿಲ್ಲ, ಕೂತಲ್ಲೇ ಗಂಟಲು ಸರಿಮಾಡಿಕೊಂಡರು. ಊರವರು ಯಾರೂ ತಕರಾರು ಮಾಡಿಲ್ಲ, ನನಗೇ ತೊಗರಿ ಚೀಲ ಒಟ್ಟಾಕ ಜಾಗ ಬೇಕಾಗಿತ್ತು, ತೊಗರಿ ಬ್ಯಾರೆ ಕಡೆ ಇಡ್ತೇನಿ, ನೀವು ಇಲ್ಲೇ ಕಲಸ್ರಿ ಎಂದರು.

ಆಮೇಲೆ ಕೈ ಅಪ್ಪನ ಕಡೆ ಹೋಯಿತು. ನನಗೆ ಅದು ಬೇಡವಾಗಿತ್ತು. ಕಣ್ಣು ಮುಚ್ಚಿಕೊಳ್ಳೋಣವೆಂದರೆ ಅದೂ ಆಗಲಿಲ್ಲ. ಅಪ್ಪ ನನ್ನ ಬೆರಳನ್ನು ನೋಡುತ್ತ ಕೂತಿದ್ದ. ಕೊನೆಗೆ, ಯಾರಿಗೂ ಅಲ್ಲ, ನನಗೇ ಹೇಳಿದ.

"ಬರೂ ತಿಂಗಳಿಂದ ನೀ ಕ್ಲಾಸಿಗೆ ಬರಂಗಿಲ್ಲ ಅಂತ ನಾ ಅಕ್ಕೋರಿಗೆ ಹೇಳಿಬಿಟ್ಟಿದ್ದೆ. ನಿನ್ನ ಕೇಳಲಿಲ್ಲ. ತಪ್ಪಾತು. ನಿನಗ ಸಾಕನಿಸೋ ತನಕ ಕಲಿ."

ಅಪ್ಪ ಆ ಮಾತು ಉಳಿಸಿಕೊಂಡ. ನಾನು ಈಗ ವಿಜಯಪುರದಲ್ಲಿ ಕಾಲೇಜು ಓದುತ್ತ, ವಾರಕ್ಕೊಮ್ಮೆ ಅದೇ ಮಹಡಿಗೆ ಹೋಗಿ ಕುಣಿಯುತ್ತೇನೆ. ಬುಗುಡಿ ಆಯಿಯ ಕಿವಿಗೆ ಬಂತು, ಬದುವಿನ ಕಲ್ಲು ತನ್ನ ಜಾಗಕ್ಕೆ ಹೋಯಿತು. ಆದರೆ ಇವೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು, ಕಾಲು ಇನ್ನೂ ಮೇಲಿತ್ತು, ಕೂತವರೆಲ್ಲರೂ ಅಪ್ಪನ ಕಡೆ ನೋಡುತ್ತಿದ್ದರು. ಕೈಗೆ ಮಾತ್ರ ಇನ್ನೂ ಕೆಲಸ ಮುಗಿದಿರಲಿಲ್ಲ. ಮೊದಲ ಸಾಲು ಮುಗಿದು, ಗೋಡೆಯ ಕಡೆಗೆ, ಟೇಪಿನ ಪಕ್ಕದಲ್ಲಿ ನಿಂತಿದ್ದ ನಮ್ಮ ಅಕ್ಕೋರ ಕಡೆಗೆ, ನಿಧಾನ ಸರಿಯತೊಡಗಿತು.

ಖಾಲಿ ಹಲಗೆಯ ಮುಂದೆ ನಿಂತು ಗದರಿಸಿದ್ದ ಅಕ್ಕೋರ ಮುಖ ಸುಣ್ಣದಂತಾಯಿತು. ಕೈ ಇನ್ನು ಒಂದು ಗೇಣು ದೂರ ಇರುವಾಗ ಅವರು ದಡಬಡ ಬಂದು ನನ್ನ ಮಣಿಕಟ್ಟು ಹಿಡಿದು ಕೆಳಗೆ ಒತ್ತಿದರು.

"ಹಾಡು ಮುಗೀತು, ಇಂಡಿ. ಸಾಕು, ಇಳಿ" ಅಂದರು.